ಕಾಲುವೆ ಸೀಮೆಯ ಕಬ್ಬು ಮತ್ತು ಕೆಂಪು ಕೊಳೆ ರೋಗ

ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಅಣೆಗಳನ್ನು ಕಟ್ಟಿ ತೆಗೆದ ರಾಯ, ಬಸವಣ್ಣ, ತುರ್ತು, ಕಂಪ್ಲಿ ಮೊದಲಾದ ಕಾಲುವೆಗಳು ಹೊಸಪೇಟೆ, ಹಂಪಿ, ಕಂಪ್ಲಿಗಳ ಸುತ್ತಣ ನೆಲಕ್ಕೆ ವರ್ಷದ ಬಹುಪಾಲು ನೀರುಣಿಸಿದವು. ಮಳೆಯನ್ನೇ ನೆಚ್ಚಿದ ಬಳ್ಳಾರಿ ಸೀಮೆಯ ನಡುವೆ ಭತ್ತ, ಬಾಳೆ, ಕಬ್ಬುಗಳ ತೋಟಪಟ್ಟಿ ಶತಮಾನಗಳ ಕಾಲ ಉಳಿದದ್ದು ಆ ನೀರಿನಿಂದ. ರೈತರು ಕಬ್ಬನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಗಿಣ್ಣಿರುವ ತುಂಡುಗಳನ್ನೇ ನೆಡುತ್ತಾರೆ, ಕಟಾವಿನ ನಂತರ ಬುಡದಿಂದ ಚಿಗುರುವ ಕೂಳೆ ಬೆಳೆಯನ್ನೂ ತೆಗೆಯುತ್ತಾರೆ. ಆದ್ದರಿಂದ ತಾಯಿಕಬ್ಬಿನೊಳಗೆ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ಸೇರಿದ್ದರೆ ಅದು ತುಂಡಿನೊಂದಿಗೇ ಹೊಸ ಹೊಲಕ್ಕೆ ದಾಟುತ್ತದೆ.

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿದ್ದುದರಿಂದ ಇಲ್ಲಿಯ ಕೃಷಿ ವ್ಯವಹಾರವೂ ಆ ಸರ್ಕಾರದ ಇಲಾಖೆಗಳ ಕೈಯಲ್ಲಿತ್ತು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ ಮಾತ್ರ ಹೊರಗುಳಿದಿತ್ತು. ಕಬ್ಬಿನ ಕೆಂಪು ಕೊಳೆ ರೋಗಕ್ಕೆ ಕಾರಣವಾದ ಕೊಲೆಟೋಟ್ರೈಕಮ್ ಫಾಲ್ಕೇಟಮ್ ಎಂಬ ಶಿಲೀಂಧ್ರವನ್ನು ಜಾವಾದಲ್ಲಿ ಸಸ್ಯಶಾಸ್ತ್ರಜ್ಞ ವೆಂಟ್ 1893ರಲ್ಲಿ ವಿವರಿಸಿದ್ದನು. ಭಾರತದಲ್ಲಿ ಅದರ ಹಾವಳಿಯನ್ನು ಮದರಾಸಿನ ಸರ್ಕಾರಿ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ 1901ರಲ್ಲಿ ಗೋದಾವರಿಯ ಮುಖಜಭೂಮಿಯಿಂದ ವರದಿ ಮಾಡಿದನು. ಮರುವರ್ಷ ಅಲ್ಲಿಯ ಸಾಮಲಕೋಟದಲ್ಲಿ ಕಬ್ಬಿನ ಪ್ರಯೋಗಕ್ಷೇತ್ರ ಆರಂಭವಾಯಿತು. ಗೋದಾವರಿಯ ಆ ಸಂಕಟ ಕಾಲುವೆ ನೀರಿನ ಕಬ್ಬನ್ನು ನೆಚ್ಚಿದ ತುಂಗಭದ್ರೆಯ ದಡಕ್ಕೂ ಎಚ್ಚರಿಕೆಯೇ ಆಗಿತ್ತು.

ಈ ರೋಗವನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಸುಳಿಯ ಕೆಳಗಿನ ಮೂರನೆಯ ಅಥವಾ ನಾಲ್ಕನೆಯ ಎಲೆ ಹಳದಿಯಾಗಿ ಅಂಚಿನಿಂದ ಒಣಗತೊಡಗುತ್ತದೆ. ನೀರಿನ ಕೊರತೆಯಿಂದಲೂ, ಬೇರಿನ ತೊಂದರೆಯಿಂದಲೂ ಎಲೆ ಒಣಗುವುದುಂಟು. ಆದರೆ ಜಲ್ಲೆಯನ್ನು ಉದ್ದಕ್ಕೆ ಸೀಳಿದಾಗ ಕೆಂಪಾದ ತಿರುಳಿನ ನಡುವೆ ಅಡ್ಡಡ್ಡಲಾಗಿ ಬಿಳಿಯ ಮಚ್ಚೆಗಳು ಕಾಣುತ್ತವೆ, ಹುಳಿತ ಹೆಂಡದ ವಾಸನೆ ಬರುತ್ತದೆ. ಈ ಅಡ್ಡ ಬಿಳಿಮಚ್ಚೆಯೇ ನಿರ್ಣಾಯಕ ಗುರುತು. ಸಸ್ಯರೋಗ ತಜ್ಞರಾದ ಬಟ್ಲರ್ ಮತ್ತು ಹಫೀಜ್ ಖಾನ್ 1913ರಲ್ಲಿ ವಿವರಿಸಿದ ಸೊರಗು ರೋಗದಲ್ಲೂ ತಿರುಳು ಬಣ್ಣಗೆಡುತ್ತದೆ, ಒಳಗೆ ಟೊಳ್ಳೂ ಆಗುತ್ತದೆ, ಆದರೆ ಈ ಮಚ್ಚೆ ಇರುವುದಿಲ್ಲ. ಕಾಡಿಗೆ ರೋಗದಲ್ಲಾದರೆ ಸುಳಿಯಿಂದಲೇ ಕಪ್ಪುಪುಡಿ ಮೆತ್ತಿದ ಚಾವಟಿ ಹೊರಡುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಸಂದೇಹ ಉಳಿದಲ್ಲಿ ರೋಗದ ತಿರುಳಿನ ಚೂರನ್ನು ಪೋಷಕ ಮಾಧ್ಯಮದ ಮೇಲಿಟ್ಟು ಶಿಲೀಂಧ್ರವನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದಲ್ಲಿ ಅದರ ಕುಡುಗೋಲಿನಾಕಾರದ ಬೀಜಕಣಗಳನ್ನು ನೋಡಿ, ಆರೋಗ್ಯವಂತ ಕಬ್ಬಿಗೆ ಚುಚ್ಚಿ ಅದೇ ರೋಗ ಹುಟ್ಟುವುದನ್ನೂ ಅದೇ ಶಿಲೀಂಧ್ರ ಮರಳಿ ದೊರೆಯುವುದನ್ನೂ ಖಚಿತಪಡಿಸಿಕೊಳ್ಳಲಾಗುತ್ತದೆ. ಆಲೆಮನೆಯಲ್ಲಿಯೂ ಈ ರೋಗಕ್ಕೆ ಸಾಕ್ಷಿಯಿದೆ: ಶಿಲೀಂಧ್ರವು ರಸದ ಸಕ್ಕರೆಯನ್ನು ಒಡೆದುಬಿಡುವುದರಿಂದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

1912ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬಿನ ತಳಿ ಸಂಸ್ಥೆಯಿಂದ ಬಂದ ಸಂಕರ ತಳಿಗಳು ಹೊಸ ಭರವಸೆ ತಂದವು. ಆದರೆ ಆ ಸಂಸ್ಥೆಯದೇ ಕೋ 213 ತಳಿಯು 1938ರ ಸುಮಾರಿಗೆ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶಗಳಲ್ಲಿ ಈ ರೋಗಕ್ಕೆ ಬಲಿಯಾಯಿತು. ಒಂದು ಶಿಲೀಂಧ್ರದೊಳಗೇ ಬೇರೆಬೇರೆ ಬಗೆಗಳಿದ್ದು, ಒಂದು ಬಗೆಯನ್ನು ತಡೆದ ತಳಿ ಇನ್ನೊಂದಕ್ಕೆ ಸೋಲಬಹುದಾದ್ದರಿಂದ ಗುರುತಿಸುವ ಕೆಲಸವನ್ನು ಒಮ್ಮೆ ಮಾಡಿ ಮುಗಿಸಲಾಗದು. ಈ ಚರಿತ್ರೆಯಲ್ಲಿ ಅತಿ ಮುಖ್ಯವಾದ ತಿಳಿವಳಿಕೆ ಇದೇ ಎನ್ನಬೇಕು.

ಹೊಸಪೇಟೆಯ ಸಕ್ಕರೆ ಕಾರ್ಖಾನೆ 1930ರ ದಶಕದಲ್ಲಿ ಬಂದ ಮೇಲೆ ಇಲ್ಲಿಯ ಕಬ್ಬಿಗೆ ಆಲೆಮನೆಯಾಚೆಗೂ ಗಿರಾಕಿ ದೊರೆಯಿತು. 1953ರಿಂದ ನೀರು ಹರಿಸುತ್ತಿರುವ ತುಂಗಭದ್ರಾ ಜಲಾಶಯದಿಂದಲೇ ರಾಯ ಮತ್ತು ಬಸವಣ್ಣ ಕಾಲುವೆಗಳು ಈಗ ನೀರು ಪಡೆಯುತ್ತವೆ. ಆದರೆ ಅದೇ ನೀರು ರೋಗದ ಹೊಲದಿಂದ ಹರಿದರೆ ಶಿಲೀಂಧ್ರವನ್ನು ಕೆಳಗಿನ ಹೊಲಕ್ಕೆ ಒಯ್ಯಬಲ್ಲದು. ತುಂಡಿನ ಆಳಕ್ಕೆ ಇಳಿದ ಶಿಲೀಂಧ್ರಕ್ಕೆ ಔಷಧದಲ್ಲಿ ಅದ್ದುವುದರಿಂದ ಪೂರ್ಣ ಪರಿಹಾರ ದೊರೆಯುವುದಿಲ್ಲ. ಹೀಗಾಗಿ ಬಿತ್ತನೆಯ ಕಬ್ಬನ್ನು ರೋಗವಿಲ್ಲದ ತಾಕಿನಿಂದಲೇ ಆರಿಸಿ, ತುಂಡು ಮಾಡುವಾಗ ಕೊಯ್ದ ತುದಿ ಕೆಂಪಗೆ ಕಂಡರೆ ಆ ಜಲ್ಲೆಯನ್ನು ಸುಡುವುದು, ರೋಗ ಬಂದ ಹೊಲದಲ್ಲಿ ಕೂಳೆಯನ್ನು ಕೈಬಿಟ್ಟು ಭತ್ತ ಹಾಕುವುದು ಇಂದಿಗೂ ಶಾಸ್ತ್ರಜ್ಞರು ಹೇಳುವ ಮೊದಲ ಉಪಾಯಗಳಾಗಿವೆ.