ಒಂದು ಗುಡ್ ಫ್ರೈಡೇ, ಒಂದು ಬೀಚು, ಮೂರು ಆರ್‌ಎನ್‌ಎ

ಪಿಯುಸಿಯಲ್ಲಿ ನಾನು ಪಿಸಿಎಂಬಿ. 'ಮೂರು ಬಗೆಯ ಆರ್‌ಎನ್‌ಎಗಳ ವ್ಯತ್ಯಾಸ ತಿಳಿಸಿ' ಅನ್ನೋ ಪ್ರಶ್ನೆಗೆ ಉರು ಹೊಡೆದ ಟೇಬಲ್ ಬರೆದು, ಮಾರ್ಕ್ಸ್ ತಗೊಂಡು, ಇಂಜಿನಿಯರಿಂಗ್ ಸೇರಿದ ಮೇಲೆ ಮರೆತೂಬಿಟ್ಟೆ. ಮೊನ್ನೆ ಆ ಟೇಬಲ್ಲಿನ ಹಿಂದಿನ ಕಥೆ ಓದಿದೆ. ಆವತ್ತೇ ಯಾರಾದ್ರೂ ಹೇಳಿದ್ದಿದ್ರೆ ಬಯಾಲಜಿ ಬಿಡ್ತಿರಲಿಲ್ವೇನೋ!

1950ರ ದಶಕ. ಪ್ರೋಟೀನು ತಯಾರಾಗೋದು ರೈಬೋಸೋಮಿನಲ್ಲಿ ಅಂತ ಗೊತ್ತಾಗಿತ್ತು. ಜೀವಕೋಶದ ಆರ್‌ಎನ್‌ಎಯಲ್ಲಿ ಶೇ. 80ರಷ್ಟು ಇರೋದೂ ಅಲ್ಲೇ. ಹಾಗಾಗಿ ಡಿಎನ್‌ಎ ಕಳಿಸೋ ಸಂದೇಶ ಅದರಲ್ಲೇ ಇದೆ, ಒಂದೊಂದು ಪ್ರೋಟೀನಿಗೆ ಒಂದೊಂದು ರೈಬೋಸೋಮು ಅಂತ ಹೆಚ್ಚಿನವರ ಊಹೆ. ಅಮೈನೋ ಆಮ್ಲಗಳನ್ನ ಸಂದೇಶಕ್ಕೆ ಹೊಂದಿಸೋ ಪುಟ್ಟ 'ಅಡಾಪ್ಟರ್' ಇರಬೇಕು ಅಂತ 1955ರಲ್ಲಿ ಫ್ರಾನ್ಸಿಸ್ ಕ್ರಿಕ್ ಅಂದಿದ್ದರು. 1958ರಲ್ಲಿ ಹೋಗ್ಲಂಡ್, ಜಮೆಕ್ನಿಕ್ ಮತ್ತು ಸಂಗಡಿಗರು ಅಂಥದ್ದನ್ನೇ ಪ್ರಕಟಿಸಿದರು. ಅದೇ ಟಿಆರ್‌ಎನ್‌ಎ.

ಆದ್ರೂ ಲೆಕ್ಕ ಕೂಡ್ತಿರಲಿಲ್ಲ. ಪ್ಯಾರಿಸ್ಸಿನ ಪ್ರಯೋಗದಲ್ಲಿ, ಬ್ಯಾಕ್ಟೀರಿಯಾದೊಳಗೆ ಹೊಸ ಜೀನ್ ಹೊಕ್ಕ ಕೆಲವೇ ನಿಮಿಷಗಳಲ್ಲಿ ಅದರ ಪ್ರೋಟೀನು ಪೂರ್ತಿ ವೇಗದಲ್ಲಿ ತಯಾರಾಗ್ತಿತ್ತು. ಅಷ್ಟು ಬೇಗ ಹೊಸ ರೈಬೋಸೋಮುಗಳ ರಾಶಿ ಎಲ್ಲಿಂದ ಬರಬೇಕು? 1960ರ ಗುಡ್ ಫ್ರೈಡೇ ದಿನ ಕೇಂಬ್ರಿಡ್ಜಿನಲ್ಲಿ ಫ್ರಾನ್ಸ್ವಾ ಜಾಕೋಬ್ ಇದನ್ನ ವಿವರಿಸ್ತಿದ್ದ ಹಾಗೇ ಕ್ರಿಕ್‌ಗೂ ಸಿಡ್ನಿ ಬ್ರೆನ್ನರ್‌ಗೂ ಥಟ್ಟನೆ ಹೊಳೀತು: ರೈಬೋಸೋಮು ಬರೀ ಯಂತ್ರ. ಸಂದೇಶ ತರೋದು ಬೇರೆಯೇ, ಬಂದು ಬೇಗ ಅಳಿದುಹೋಗೋ ಆರ್‌ಎನ್‌ಎ! ತಮಾಷೆ ಅಂದ್ರೆ, 1956ರಲ್ಲೇ ವೋಲ್ಕಿನ್ ಮತ್ತು ಅಸ್ಟ್ರಾಕನ್ ಅದನ್ನ ಕಂಡಿದ್ದರು. ಅದೇನು ಅಂತ ಮಾತ್ರ ಆಗ ಯಾರಿಗೂ ಹೊಳೆದಿರಲಿಲ್ಲ.

ಸಾಬೀತು ಮಾಡೋಕೆ ಬ್ರೆನ್ನರ್, ಜಾಕೋಬ್ ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿದ್ದ ಮೆಸಲ್ಸನ್ ಹತ್ತಿರ ಹೋದರು. ಸೀಸಿಯಂ ದ್ರಾವಣದಲ್ಲಿ ಹಾಕಿ ತಿರುಗಿಸಿದಾಗೆಲ್ಲ ರೈಬೋಸೋಮುಗಳು ಒಡೆದು ಚೂರು. ವಾಪಸ್ ಹೋಗೋ ದಿನ ಹತ್ತಿರವಾಗ್ತಿತ್ತು. ಬೇಜಾರಲ್ಲಿ ಬೀಚಿನಲ್ಲಿ ಕೂತಿದ್ದಾಗ ಬ್ರೆನ್ನರ್ ಎದ್ದು ಕೂಗಿಕೊಂಡರಂತೆ, ಮೆಗ್ನೀಸಿಯಂ ಅಂತ! ರೈಬೋಸೋಮನ್ನ ಹಿಡಿದಿಡೋ ಮೆಗ್ನೀಸಿಯಂ ಅನ್ನು ಸೀಸಿಯಂ ತಳ್ಳಿಹಾಕ್ತಿತ್ತು. ಮೆಗ್ನೀಸಿಯಂ ಜಾಸ್ತಿ ಹಾಕಿದ್ರು, ಪ್ರಯೋಗ ಗೆದ್ದಿತು: ವೈರಸ್ಸಿನ ಹೊಸ ಆರ್‌ಎನ್‌ಎ ಬ್ಯಾಕ್ಟೀರಿಯಾದ ಹಳೇ ರೈಬೋಸೋಮಿನ ಮೇಲೆ ಕೂತಿತ್ತು. 1961ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಂಆರ್‌ಎನ್‌ಎ ಲೋಕಕ್ಕೆ ಗೊತ್ತಾಯ್ತು.

ದಿನವಿಡೀ ಬಗ್ ಹುಡುಕೋ ನನಗೆ ಇದು ಚೆನ್ನಾಗಿ ಅರ್ಥವಾಗತ್ತೆ. ಎಲ್ಲರೂ ರಾಶಿ ಬಿದ್ದ ಕಡೆ ನೋಡ್ತಿದ್ರು. ಉತ್ತರ ಇದ್ದದ್ದು ಬೇಗ ಅಳಿಸಿಹೋಗೋ ಚಿಟಿಕೆಯಷ್ಟರಲ್ಲಿ. ನಾನು ಉರು ಹೊಡೆದ ಆ ಟೇಬಲ್ಲಿನ ಒಂದು ಸಾಲಿಗೆ ಇಷ್ಟು ಜನ, ಇಷ್ಟು ವರ್ಷ!

ನಿಮ್ಮ ಟೀಚರ್ ಯಾರಾದ್ರೂ ಈ ಕಥೆ ಹೇಳಿದ್ರಾ?