ಹೆಪ್ಪಿಲ್ಲದ ಹಾಲು: ಬ್ರಹ್ಮಸೂತ್ರದ ಒಂದು ದೃಷ್ಟಾಂತ

ಬ್ರಹ್ಮಸೂತ್ರದ ಎರಡನೇ ಅಧ್ಯಾಯ, ಮೊದಲ ಪಾದ, 24ನೇ ಸೂತ್ರ. ಕುಂಬಾರನಿಗೆ ಮಣ್ಣು, ತಿಗರಿ, ಕೋಲು ಎಲ್ಲ ಬೇಕು. ಒಂದೇ ಆದ ಬ್ರಹ್ಮ ಯಾವ ಸಲಕರಣೆಯೂ ಇಲ್ಲದೆ ಜಗತ್ಕಾರಣ ಹೇಗಾದೀತು ಎಂಬುದು ಆಕ್ಷೇಪ. ಹಾಲು ತಾನೇ ಮೊಸರಾಗುವಂತೆ ಎಂಬುದು ಉತ್ತರ. ಹಾಲಿಗೂ ಕಾವು ಬೇಕಲ್ಲ ಎಂದರೆ, ಕಾವು ಅವಸರಪಡಿಸುತ್ತದೆ ಅಷ್ಟೇ ಎನ್ನುತ್ತಾರೆ ಭಾಷ್ಯಕಾರ ಶಂಕರರು. ಹಾಲಿಗೆ ಆ ಶಕ್ತಿಯೇ ಇಲ್ಲದಿದ್ದರೆ ಕಾವು ಏನು ಮಾಡೀತು? ಗಾಳಿಯನ್ನು ಎಷ್ಟು ಕಾಯಿಸಿದರೂ ಮೊಸರಾಗದು.

ಧಾರವಾಡದ ಲಕಮನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ಈ ದೃಷ್ಟಾಂತವನ್ನು ಡೇರಿಯ ಪಾಕೀಟಿನ ಹಾಲಿನೊಂದಿಗೆ ಇಟ್ಟು ನೋಡಬೇಕು. ಆ ಹಾಲನ್ನು ಕಾಯಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕದೆ ಮುಚ್ಚಿಟ್ಟರೆ ಬೆಳಗ್ಗೆ ಮೊಸರಿರುವುದಿಲ್ಲ. ಇನ್ನೂ ಬಿಟ್ಟರೆ ಕೆಟ್ಟುಹೋಗುತ್ತದೆ. ಅರ್ಧ ಚಮಚ ಹಳೆಯ ಮೊಸರು ಬೆರೆಸಿದರೆ, ಪಾತ್ರೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿ. ಹಸಿಹಾಲು ತಾನಾಗಿ ಹುಳಿಯುವುದು ಅದರಲ್ಲಿ ಜೀವಂತ ಇರುವ ಬ್ಯಾಕ್ಟೀರಿಯಾಗಳಿಂದ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಪಾಶ್ಚರೀಕರಿಸಿದರೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಶಂಕರರ ಕಾಲದ ಹಾಲು ‘ತಾನೇ’ ಮೊಸರಾದದ್ದು ಅದು ಒಂಟಿಯಾಗಿರಲಿಲ್ಲವಾದ್ದರಿಂದ.

ಇದರಿಂದ ಶಂಕರರು ಸೋತರೆಂದು ನಾನು ಹೇಳುತ್ತಿಲ್ಲ. 26ನೇ ಸೂತ್ರವೇ ಈ ಉಪಮೆಯ ಮಿತಿಯನ್ನು ಎತ್ತುತ್ತದೆ: ಬ್ರಹ್ಮ ಪೂರ್ತಿ ಮಾರ್ಪಟ್ಟರೆ ಉಳಿಯುವುದೇನು? ಒಂದು ಭಾಗ ಮಾತ್ರ ಎಂದರೆ ಅದು ನಿರವಯವ ಹೇಗಾದೀತು? ಮಾರ್ಪಾಡು ಅವಿದ್ಯಾಕಲ್ಪಿತ ಎಂದು ಶಂಕರರು ಇದನ್ನು ಬಿಡಿಸಿದರು. ಮಧ್ವರು ಬೇರೆ ದಾರಿ ಹಿಡಿದರು: ವಿಷ್ಣು ನಿರ್ವಿಕಾರ, ವಿಕಾರ ಪ್ರಕೃತಿಯದು. ಅವಿಕಾರ ಉಳಿಯಿತು, ಆದರೆ ತತ್ತ್ವ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಯಿತು. ಹಾಗಾದರೆ ಏಕತೆ, ಅವಿಕಾರ ಎರಡೂ ಒಂದೇ ಪ್ರಶ್ನೆಯಲ್ಲ. ನಮ್ಮ ಚರ್ಚೆಗಳಲ್ಲಿ ಅವನ್ನು ಸೇರಿಸಿ ಹೇಳುವ ರೂಢಿಯೇ ಗೊಂದಲದ ಮೂಲ ಎಂದು ನನಗೆ ತೋರುತ್ತದೆ.

ವೀರಶೈವರ ಸಿದ್ಧಾಂತಶಿಖಾಮಣಿ ಇನ್ನೊಂದು ಉಪಮೆಯನ್ನು ಆರಿಸುತ್ತದೆ. ಬಟ್ಟೆ ಹರವಿದರೆ ಡೇರೆಯಾಗುವಂತೆ, ಶಿವ ತನ್ನ ಶಕ್ತಿಯ ವಿಕಾಸದಿಂದ ವಿಶ್ವವಾಗುತ್ತಾನೆ. ಮೊಸರು ಮತ್ತೆ ಹಾಲಾಗದು, ಡೇರೆ ಮಡಿಚಿದರೆ ಬಟ್ಟೆಯೇ. ಶಕ್ತಿ ಶಿವನಿಂದ ಬೇರೆಯಲ್ಲವಾದ್ದರಿಂದ ಒಂದಾಗಿರುವುದಕ್ಕೂ ಮಾರ್ಪಡುವುದಕ್ಕೂ ಇಲ್ಲಿ ಜಗಳವಿಲ್ಲ. ಹೆಪ್ಪು ಹೊರಗಿನಿಂದ ಬರಬೇಕಿಲ್ಲ, ಒಳಗೇ ಇದೆ. ಹಸಿಹಾಲಿಗೆ ಹತ್ತಿರದ ಚಿತ್ರ ಇದು. ಆದರೂ ಒಂದು ತೊಡಕು ನನ್ನನ್ನು ಬಿಟ್ಟಿಲ್ಲ: ಬಟ್ಟೆ ಹರವಲು ನೆಲ ಬೇಕು, ಎಲ್ಲವೂ ಶಿವನೇ ಎಂದಮೇಲೆ ಆ ನೆಲವೂ ಬಟ್ಟೆಯೇ ಆಗಬೇಕು.