ಮುಚ್ಚಳ ಬೇರೆ, ಬೀಗ ಬೇರೆ

ನಮ್ಮ ಮನೆಗೆ ಫೋನು ಬಂದದ್ದು 1988ರಲ್ಲಿ. ಮಲೆನಾಡಿನ ನಮ್ಮ ಸಣ್ಣ ಪಟ್ಟಣದಲ್ಲಿ, ನಮ್ಮ ಬೀದಿಗೆಲ್ಲ ಆಗ ಇದ್ದದ್ದು ಎರಡೇ ಫೋನು. ಒಂದು ಡಾಕ್ಟರ ಮನೆಯದು, ಇನ್ನೊಂದು ಅಡಿಕೆ ಮಂಡಿಯವರದು. ಅರ್ಜಿ ಹಾಕಿ ವರುಷಗಟ್ಟಲೆ ಕಾದ ಮೇಲೆ ಮೂರನೆಯದು ನಮ್ಮ ಪಾಲಿಗೆ ಬಂತು. ಕಪ್ಪು ಬಣ್ಣದ, ಬೆರಳು ಹಾಕಿ ತಿರುಗಿಸುವ ಡಯಲಿನ ಫೋನು. ಬೆಂಗಳೂರಿನ ದೂರವಾಣಿ ನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ತಯಾರಾದದ್ದು. ನಡುಮನೆಯ ಸ್ಟೂಲಿನ ಮೇಲೆ ಅದನ್ನು ಕೂರಿಸಿದ ದಿನ ಪಾಯಸ ಮಾಡಿದ್ದೆವು. ನಾನು ಅದಕ್ಕೊಂದು ಕ್ರೋಷಾ ಹೊದಿಕೆ ಹೆಣೆದೆ. ಮಾವನವರು ಅದಕ್ಕೊಂದು ಬೀಗ ತಂದರು.

ಈಗಿನ ಹುಡುಗಿಯರಿಗೆ ನಗು ಬಂದೀತು. ಆದರೆ ನನ್ನ ವಯಸ್ಸಿನವರಿಗೆ ನೆನಪಿದ್ದೇ ಇರುತ್ತದೆ. ಗುಂಡಗಿನ ಪುಟ್ಟ ಬೀಗ. ಡಯಲಿನ ಒಂದನೆಯ ಅಂಕಿಯ ತೂತಿಗೆ ಅದನ್ನು ಸಿಕ್ಕಿಸಿ ಕೀಲಿ ತಿರುಗಿಸಿದರೆ ಡಯಲು ಮುಂದಕ್ಕೆ ತಿರುಗುವುದಿಲ್ಲ. ಬೀಗದ ಕೈ ಮಾವನವರ ಜನಿವಾರದಲ್ಲಿ. ಹೊರಗಿನಿಂದ ಬಂದ ಕರೆಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ನಾವಾಗಿ ಒಂದು ಕರೆ ಮಾಡಬೇಕೆಂದರೆ ಅವರ ಊಟ, ನಿದ್ದೆ, ಸಂಧ್ಯಾವಂದನೆ ಎಲ್ಲ ಮುಗಿಯಬೇಕು. ತವರಿಗೆ ಫೋನು ಮಾಡುವಾಗಲಂತೂ ಮನೆಯವರೆಲ್ಲ ನಡುಮನೆಯಲ್ಲೇ. "ಆರಾಮಾ? ಮಳೆ ಹ್ಯಾಂಗಿದೆ?" ಅಷ್ಟರಲ್ಲಿ ಮಾತು ಮುಗಿಯಬೇಕು. ಅಮ್ಮನ ಹತ್ತಿರ ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿದುಬಿಡುತ್ತಿತ್ತು. ಮಾವನವರು ಕೆಟ್ಟವರಾಗಿರಲಿಲ್ಲ. ಬಿಲ್ಲು ಕಟ್ಟುವವರು ಅವರು, ಭಯ ಅವರಿಗೆ.

ಆ ಬೀಗವನ್ನು ಗೆದ್ದವಳು ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು. ಡಯಲು ತಿರುಗಿಸಿದಾಗ ನಡೆಯುವುದೇನು? ನಾವು ಐದನ್ನು ತಿರುಗಿಸಿ ಬಿಟ್ಟರೆ, ಡಯಲು ಹಿಂದಕ್ಕೆ ಬರುವಾಗ ತಂತಿಯಲ್ಲಿನ ವಿದ್ಯುತ್ತು ಐದು ಸಲ ಕಡಿದು ಕಡಿದು ಹೋಗುತ್ತದೆ. ಎಕ್ಸ್‌ಚೇಂಜಿನ ಯಂತ್ರ ಅದನ್ನು ಎಣಿಸಿಕೊಳ್ಳುತ್ತದೆ. ರಿಸೀವರು ಕೂರುವ ಗುಂಡಿಯನ್ನು ಟಕಟಕನೆ ಐದು ಸಲ ಒತ್ತಿದರೂ ಯಂತ್ರದ ಪಾಲಿಗೆ ಅದು ಐದೇ. ಸೊನ್ನೆಗೆ ಹತ್ತು ಸಲ. ಇವಳು ಬೀಗ ಇದ್ದ ಹಾಗೇ ಇರಲು, ಗುಂಡಿ ಕುಟ್ಟಿ ಕುಟ್ಟಿ ಗೆಳತಿಗೆ ಫೋನು ಮಾಡುತ್ತಿದ್ದಳು. ಕಂಡ ನಾನು ಬೈಯಬೇಕಿತ್ತು. ಬೈಯಲಿಲ್ಲ. ನಾನೂ ಕಲಿಯಲಿಲ್ಲ. "ನಮಗೇಕೆ ಬಿಡು" ಎಂದುಕೊಂಡೆ. ಈ ಮಾತು ಆಮೇಲೆ ನನಗೆ ದುಬಾರಿಯಾಯಿತು.

ಫೋನಿನ ಚರಿತ್ರೆಯನ್ನು ಓದಿಕೊಂಡಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಗ್ರಹಾಂ ಬೆಲ್ ತಂತಿಯಲ್ಲಿ ಮಾತು ಹರಿಸಿದ್ದು 1876ರಲ್ಲಿ. ಕರೆಗಳನ್ನು ಜೋಡಿಸಿಕೊಡುವ ಕೆಲಸಕ್ಕೆ ಮೊದಲು ಹುಡುಗರನ್ನು ಇಟ್ಟುಕೊಂಡರಂತೆ. ಅವರು ಗಿರಾಕಿಗಳ ಜೊತೆ ಒರಟಾಗಿ ಮಾತಾಡುತ್ತಿದ್ದರು. 1878ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬ ಹೆಂಗಸು ಆ ಕುರ್ಚಿಯಲ್ಲಿ ಕುಳಿತಳು. ಅಲ್ಲಿಂದ ಮುಂದೆ ಅದು ಹೆಂಗಸರದೇ ಕೆಲಸವಾಯಿತು. ನಮ್ಮಲ್ಲೂ 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ "ನಂಬರ್ ಪ್ಲೀಸ್" ಎನ್ನುತ್ತಿದ್ದ ದನಿ ನಮ್ಮೂರಿನಲ್ಲೂ ಎಷ್ಟೋ ಸಲ ಹೆಣ್ಣು ದನಿಯೇ. ಊರಿನ ಮಾತನ್ನೆಲ್ಲ ಜೋಡಿಸುವವಳು ಹೆಂಗಸು; ಮನೆಯಲ್ಲಿ ಬೀಗದ ಕೈ ಮಾತ್ರ ಅವಳಲ್ಲಿಲ್ಲ!

ಕಾಲ ಓಡಿತು. ನಮ್ಮ ದೇಶದಲ್ಲಿ ಮೊದಲ ಎಸ್.ಟಿ.ಡಿ. ಸಂಪರ್ಕ ಕಾನ್ಪುರ ಮತ್ತು ಲಖನೌ ನಡುವೆ 1960ರಲ್ಲೇ ಆಗಿತ್ತಾದರೂ ಸಣ್ಣ ಊರುಗಳಿಗೆ ಅದು ನಡೆದು ಬರಲು ಬಹಳ ವರುಷ ಬೇಕಾಯಿತು. ಧೂಳು, ಸೆಕೆಗಳನ್ನು ತಾಳಿಕೊಳ್ಳುವ, ಹಳ್ಳಿಗೆಂದೇ ಸಿ-ಡಾಟ್ ಸಂಸ್ಥೆಯವರು ರೂಪಿಸಿದ 128 ಲೈನುಗಳ ಪುಟ್ಟ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ. ಆಮೇಲೆ ಮೂಲೆಮೂಲೆಗೂ ಹಳದಿ ಬೋರ್ಡಿನ ಬೂತುಗಳು ಬಂದವು. ರಾತ್ರಿ ತಡವಾದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಅಲ್ಲಿ ಸಾಲು ನಿಲ್ಲುತ್ತಿದ್ದೆವು. ಗಾಜಿನ ಬಾಗಿಲು ಹಾಕಿಕೊಂಡು ಅಮ್ಮನ ಜೊತೆ ಮೊದಲ ಸಲ ನಾನು ಅತ್ತದ್ದು ಅಂಥ ಬೂತಿನಲ್ಲಿ. ಕಣ್ಣೆದುರು ಮೀಟರು ಓಡುತ್ತಿತ್ತು. ಅಳುವುದಕ್ಕೂ ಲೆಕ್ಕ.

ಇನ್ನು ಕೈಫೋನಿನ ಕತೆ. 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊಟೊರೊಲಾ ಕಂಪನಿಯ ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ಮೊದಲ ಕರೆ ಮಾಡಿದ. ಆ ಫೋನು ಒಂದು ಕಿಲೋದಷ್ಟು ತೂಗುತ್ತಿತ್ತು. ಮಾಡಿದ್ದು ಯಾರಿಗೆ? ಎದುರಾಳಿ ಕಂಪನಿಯ ಎಂಜಿನಿಯರಿಗೆ! ಗೆದ್ದ ಸುದ್ದಿಯನ್ನು ಸೋತವನಿಗೇ ಹೇಳುವ ಆಸೆ ಮನುಷ್ಯನಿಗೆ ಎಲ್ಲ ದೇಶದಲ್ಲೂ ಒಂದೇ. ಹತ್ತು ವರುಷ ಕಳೆದು ಅಂಥದು ಮಾರಾಟಕ್ಕೆ ಬಂದಾಗ ಬೆಲೆ 3,995 ಡಾಲರು. 1989ರಲ್ಲಿ ಅದೇ ಕಂಪನಿ, ಅಂಕಿಗಳ ಮೇಲೆ ಮುಚ್ಚಿಕೊಳ್ಳುವ ಒಂದು ಚಪ್ಪಟೆ ಮುಚ್ಚಳವನ್ನು ಸೇರಿಸಿತು. 1996ರಲ್ಲಿ ಪೂರ್ತಿ ನಡುವೆಯೇ ಮಡಚುವ ಸ್ಟಾರ್‌ಟ್ಯಾಕ್ ಬಂತು. ತೂಕ 88 ಗ್ರಾಂ. ಮಡಚುವುದರಲ್ಲಿ ಬರೀ ಷೋಕಿ ಇಲ್ಲ. ಮುಚ್ಚಿದಾಗ ಚೀಲದಲ್ಲಿ ಅಂಕಿಗಳು ತಾವಾಗಿ ಒತ್ತಿಕೊಳ್ಳುವುದಿಲ್ಲ. ತೆರೆದಾಗ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಬಾಯಿಗೆ, ನಮ್ಮ ಹಳೆಯ ರಿಸೀವರಿನ ಹಾಗೆಯೇ ಮುಟ್ಟುತ್ತದೆ.

ನಮ್ಮ ದೇಶದ ಮೊದಲ ಮೊಬೈಲು ಕರೆ 1995ರ ಜುಲೈ 31ರಂದು, ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಮಂತ್ರಿ ಸುಖರಾಂ ಅವರಿಗೆ ಮಾಡಿದ್ದು. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆ ಹೂವಾಡಗಿತ್ತಿಯ ಬುಟ್ಟಿಯಲ್ಲೂ ಮೊಬೈಲು ಕಂಡಿತು. ನಮ್ಮ ಮನೆಯಲ್ಲೂ ಬಂತು. ಮಾವನವರು ಅಷ್ಟರಲ್ಲಿ ಇರಲಿಲ್ಲ. ಫೋನು ನಮ್ಮವರ ಜೇಬು ಸೇರಿತು. 2014ರಲ್ಲಿ ನಡುಮನೆಯ ಫೋನನ್ನು ಹಿಂದಿರುಗಿಸಿದೆವು. ಆಮೇಲೆ ನಮ್ಮವರು ಗಾಜಿನ ಹಲಗೆಯಂಥ ಟಚ್ ಫೋನು ಕೊಂಡರು. "ನಿನಗೊಂದು ಬೇಡವೇನೇ?" ಎಂದು ಕೇಳಿದ್ದುಂಟು. "ನಮಗೇಕೆ ಬಿಡಿ, ನಿಮ್ಮದಿದೆಯಲ್ಲ" ಎಂದದ್ದು ನಾನೇ. ಹೀಗಾಗಿ ಅರವತ್ತೊಂಬತ್ತು ವರುಷವಾದರೂ ನನ್ನದೆಂಬ ಒಂದು ನಂಬರು ಇರಲಿಲ್ಲ.

2022ರ ಆಷಾಢ. ರಾತ್ರಿ ಎರಡು ಗಂಟೆ ಇರಬೇಕು. ಹೊರಗೆ ಧಾರಾಕಾರ ಮಳೆ. ಬಚ್ಚಲಿಗೆ ಹೋದ ನಮ್ಮವರು ಅಲ್ಲೇ ಕುಸಿದರು. ಮಾತು ತೊದಲುತ್ತಿತ್ತು, ಬಲಗೈ ಏಳುತ್ತಿರಲಿಲ್ಲ. ಓಡಿಹೋಗಿ ಅವರ ಫೋನು ತಂದೆ. ಅದಕ್ಕೆ ಬೀಗ! ಅವರ ಹೆಬ್ಬೆಟ್ಟಿಟ್ಟರೆ ತೆರೆಯುತ್ತದೆಂದು ಗೊತ್ತಿತ್ತು. ಒದ್ದೆಯಾದ ಆ ಹೆಬ್ಬೆರಳನ್ನು ನನ್ನ ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿದೆ. ತೆರೆಯಲಿಲ್ಲ. ಗಾಜು ಬೆಳಗುತ್ತದೆ, ಆರುತ್ತದೆ. ಕಡೆಗೆ ಅವರನ್ನು ಹಾಗೇ ಬಿಟ್ಟು, ಮಳೆಯಲ್ಲಿ ನಾಲ್ಕು ಮನೆಯಾಚೆ ಓಡಿ ಬಾಗಿಲು ಬಡಿದೆ. ಆ ಮನೆಯ ಹುಡುಗ 108ಕ್ಕೆ ಕರೆ ಮಾಡಿದ.

ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆದಷ್ಟು ಬೇಗ ಕೊಟ್ಟಷ್ಟೂ ಮೇಲು. ಸಮಯಕ್ಕೆ ಮುಟ್ಟಿದೆವು. ನಮ್ಮವರು ಉಳಿದರು, ಒಂದು ವರುಷ ನನ್ನ ಜೊತೆ ಇದ್ದು ಆಮೇಲೆ ಹೋದರು. ನಾನು ಕಳೆದ ಆ ಇಪ್ಪತ್ತು ನಿಮಿಷದಿಂದ ಏನೂ ಕೆಟ್ಟಿಲ್ಲ ಎಂದು ಡಾಕ್ಟರರು ಸಮಾಧಾನ ಹೇಳಿದರು. ಆಸ್ಪತ್ರೆಯ ಬೆಂಚಿನಲ್ಲಿ ಮಗಳು ಅದೇ ಫೋನನ್ನು ಕೈಗೆತ್ತಿಕೊಂಡು ತೋರಿಸಿದಳು. ಬೀಗ ಹಾಕಿದ ಗಾಜಿನ ಕೆಳತುದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ 'ಎಮರ್ಜೆನ್ಸಿ' ಎಂದಿತ್ತು. ಅದನ್ನು ಒತ್ತಿದ್ದರೆ ಬೀಗ ತೆಗೆಯದೆಯೇ 112ಕ್ಕೆ ಕರೆ ಹೋಗುತ್ತಿತ್ತು. ಬಾಗಿಲ ಪಕ್ಕದಲ್ಲೇ ಕಿಂಡಿ ಇತ್ತು. ನನಗೆ ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರ ವರ್ಷಾಂತಿಕವಾದ ಮೇಲೆ ಒಂದು ದಿನ ಪೇಟೆಯ ಅಂಗಡಿಗೆ ಹೋದೆ. ಮಗಳು ಕಳಿಸಿದ್ದ ಟಚ್ ಫೋನು ನನ್ನ ಕೈಗೆ ಒಗ್ಗಿರಲಿಲ್ಲ. ಪಾತ್ರೆ ತೊಳೆದು ಒರಟಾದ ಬೆರಳು ಮುಟ್ಟಿದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದರೆ ಯಾರಿಗೋ ವಿಡಿಯೋ ಕರೆ ಹೋಗುತ್ತಿತ್ತು. ಅಂಗಡಿಯ ಗಾಜಿನೊಳಗೆ ಕುಂಕುಮದ ಭರಣಿಯ ಹಾಗೆ ಮುಚ್ಚಳವಿದ್ದ ಒಂದು ಫೋನು ಕಂಡಿತು. "ಇದು ಕೊಡಪ್ಪಾ" ಎಂದೆ. ಹುಡುಗ ಒಳ್ಳೆಯವನು. "ಅಮ್ಮಾ, ಎಲ್ಲಾದ್ರೂ ಹಳೇ ಫ್ಲಿಪ್ ಫೋನು ಸಿಕ್ತು ಅಂತ ತಗೋಬೇಡಿ, ಈಗ ಕೆಲವು ಸಿಮ್ಮು 4ಜಿ ಇಲ್ಲದ ಫೋನಲ್ಲಿ ನಡೆಯೋದಿಲ್ಲ. ಇದು 4ಜಿ. ಕೊಡಿ, ನಾನೇ ಎಲ್ಲ ಹಾಕ್ಕೊಡ್ತೀನಿ" ಎಂದ.

"ಬೇಡಪ್ಪಾ. ನೀನು ಹೇಳು, ನಾನು ಹಾಕ್ತೀನಿ."

ಅವನು ನನ್ನ ಮುಖ ನೋಡಿದ. ಆಮೇಲೆ ಒಂದು ಸ್ಟೂಲು ಎಳೆದುಕೊಟ್ಟ.

ಆಧಾರ್ ತೋರಿಸಿ ನನ್ನ ಹೆಸರಿಗೇ ಸಿಮ್ಮು ತೆಗೆದುಕೊಂಡೆ. ಅದು ಬಂದದ್ದು ಒಂದು ದೊಡ್ಡ ಕಾರ್ಡಿನಲ್ಲಿ, ಮೂರು ಅಳತೆಗೆ ಗೆರೆ ಕೊರೆದು. 1991ರಲ್ಲಿ ಸಿಮ್ಮು ಹುಟ್ಟಿದಾಗ ಅದು ಆ ದೊಡ್ಡ ಕಾರ್ಡಿನಷ್ಟೇ ಇತ್ತಂತೆ. ವರುಷ ಕಳೆದ ಹಾಗೆ ಸುತ್ತಲ ಪ್ಲಾಸ್ಟಿಕ್ಕು ಕರಗುತ್ತ ಬಂದು ಕಿರುಬೆರಳಿನ ಉಗುರಿನಷ್ಟಾಗಿದೆ. ನನ್ನ ಫೋನಿಗೆ ಬೇಕಾದ ಅಳತೆಗೆ ಮೆಲ್ಲಗೆ ಮುರಿದೆ. ಉಗುರಿನಿಂದ ಫೋನಿನ ಹಿಂಬದಿ ತೆರೆದು, ಬ್ಯಾಟರಿ ಎತ್ತಿ, ಚಿನ್ನದ ಬಣ್ಣದ ಮುಖ ಕೆಳಗೆ ಮಾಡಿ, ಕತ್ತರಿಸಿದ ಮೂಲೆಯನ್ನು ಚಿತ್ರದ ಮೂಲೆಗೆ ಹೊಂದಿಸಿ ತಳ್ಳಿದೆ. ಆ ಮೂಲೆ ಕತ್ತರಿಸಿರುವುದೇ ತಿರುವುಮುರುವಾಗಿ ಹಾಕಬಾರದೆಂದು. ಬ್ಯಾಟರಿಯ ಲೋಹದ ಚುಕ್ಕೆಗಳು ಫೋನಿನ ಚುಕ್ಕೆಗಳಿಗೆ ತಾಗುವ ಹಾಗೆ ಕೂರಿಸಿ, ಮನೆಗೆ ತಂದು ಚಾರ್ಜಿಗೆ ಹಾಕಿದೆ. ಕೆಂಪು ಗುಂಡಿಯನ್ನು ಒತ್ತಿ ಹಿಡಿದಾಗ ದೀಪ ಬೆಳಗಿತು. ಭಾಷೆ ಯಾವುದು ಎಂದು ಕೇಳಿತು. ಕನ್ನಡ ಎಂದೆ. ದಿನಾಂಕ, ಗಂಟೆ ತುಂಬಿದೆ.

ಹೆಸರು ಬರೆಯುವುದಕ್ಕೆ ಅರ್ಧ ದಿನ ಹಿಡಿಯಿತು. ಒಂದೊಂದು ಅಂಕಿಯ ಹೊಟ್ಟೆಯಲ್ಲಿ ಮೂರು ನಾಲ್ಕು ಅಕ್ಷರ. ಇಂಗ್ಲಿಷ್ ಅಕ್ಷರದಲ್ಲಿ 'ಮಗಳು' ಎಂದು ಬರೆಯಲು ಆರು, ಎರಡು, ನಾಲ್ಕು, ಎರಡು, ಆಮೇಲೆ ಐದನ್ನು ಮೂರು ಸಲ, ಎಂಟನ್ನು ಎರಡು ಸಲ. ಒಟ್ಟು ಒಂಬತ್ತು ಒತ್ತು. ಗುಂಡಿ ಕುಟ್ಟಿ ಫೋನು ಮಾಡುತ್ತಿದ್ದ ಹುಡುಗಿ ನೆನಪಾದಳು. ಅವಳು ಎಂಟನೆಯ ತರಗತಿಯಲ್ಲಿ ಮಾಡಿದ್ದನ್ನು ನಾನು ಎಪ್ಪತ್ತೊಂದಕ್ಕೆ ಮಾಡುತ್ತಿದ್ದೆ. ಐದರ ಮೇಲೆ ಬೆರಳಿಗೆ ತಾಗುವ ಒಂದು ಪುಟ್ಟ ಉಬ್ಬು ಇದೆ, ಗಮನಿಸಿದ್ದೀರಾ? ಕತ್ತಲಲ್ಲೂ ನಡುವಿನ ಗುಂಡಿ ಎಲ್ಲಿದೆ ಎಂದು ತಿಳಿಯಲಿ ಎಂದು. ಎರಡನ್ನು ಒತ್ತಿ ಹಿಡಿದರೆ ಮಗಳಿಗೆ, ಮೂರಕ್ಕೆ ನಾಲ್ಕು ಮನೆಯಾಚೆಯ ಆ ಹುಡುಗನಿಗೆ ಹೋಗುವಂತೆ ಹೊಂದಿಸಿಕೊಂಡೆ. 2016ರಲ್ಲಿ ಸರ್ಕಾರ ಮಾಡಿದ ನಿಯಮದಂತೆ, ಗುಂಡಿಯ ಫೋನುಗಳಲ್ಲಿ ಐದನ್ನೋ ಒಂಬತ್ತನ್ನೋ ಒತ್ತಿ ಹಿಡಿದರೆ ಸಹಾಯದ ಕರೆ ಹೋಗಬೇಕು. ನನ್ನದರಲ್ಲಿ ಯಾವುದೆಂದು ಹುಡುಗನನ್ನು ಕೇಳಿ ಗುರುತಿಟ್ಟುಕೊಂಡೆ.

ಎಡವಟ್ಟುಗಳಾಗದೆ ಇರಲಿಲ್ಲ. ಮೊದಲ ವಾರ ಮಗಳ ಜೊತೆ ಮಾತಾಡುವಾಗ ಹಾಲು ಉಕ್ಕಿತು. "ಇರೇ ಒಂದ್ನಿಮಿಷ" ಎಂದು ಮುಚ್ಚಳ ಮುಚ್ಚಿಟ್ಟು ಓಡಿದೆ. ಹಳೆಯ ಫೋನಿನ ರಿಸೀವರನ್ನು ಪಕ್ಕಕ್ಕಿಟ್ಟ ಅಭ್ಯಾಸ! ಇದರಲ್ಲಿ ಮುಚ್ಚುವುದೆಂದರೆ ರಿಸೀವರು ಕೆಳಗಿಟ್ಟ ಹಾಗೆ. ಮುಚ್ಚಳದಲ್ಲೊಂದು ಚೂರು ಅಯಸ್ಕಾಂತ ಇರುತ್ತದಂತೆ, ಅದು ಹತ್ತಿರ ಬಂತೆಂದರೆ ಕರೆ ಮುಗಿಯಿತೆಂದು ಫೋನು ತಿಳಿಯುತ್ತದೆ. ಪಾಪ, ಮಗಳು ಗಾಬರಿಯಾಗಿ ಮೂರು ಸಲ ಕರೆ ಮಾಡಿದಳು. ನಾನು ಮುಚ್ಚಳ ತೆರೆದು "ಹಲೋ ಹಲೋ" ಎಂದೆ. ಆ ಕಡೆ ಏನೂ ಇಲ್ಲ, ಗಂಟೆ ಹೊಡೆಯುತ್ತಲೇ ಇದೆ. ತೆರೆದೊಡನೆ ಕರೆ ಸ್ವೀಕರಿಸಬೇಕೆಂದು ಸೆಟ್ಟಿಂಗಿನಲ್ಲಿ ಬೇರೆಯಾಗಿ ಹೇಳಬೇಕೆಂದು ನನಗೇನು ಗೊತ್ತು? ನಾಲ್ಕು ಮನೆಯಾಚೆಯ ಹುಡುಗ ಓಡಿಬಂದ. ಬಂದದ್ದಕ್ಕೆ ಕಾಫಿ ಕುಡಿದು, ಆ ಸೆಟ್ಟಿಂಗು ಎಲ್ಲಿದೆಯೆಂದು ಹೇಳಿದ. ಒತ್ತಿದ್ದು ನಾನು.

ಈಗ ಮಗಳು ಸಂಜೆ ಫೋನು ಮಾಡಿದರೆ ಹಿತ್ತಲಿನ ಬಾವಿಕಟ್ಟೆಗೆ ಹೋಗುತ್ತೇನೆ. ನಡುಮನೆಯಲ್ಲಿ ಕೇಳಿಸಿಕೊಳ್ಳುವವರು ಈಗ ಯಾರೂ ಇಲ್ಲ. ಆದರೂ ಹೋಗುತ್ತೇನೆ. ನಮ್ಮಮ್ಮನಿಗೆ ಹೇಳದೆ ಉಳಿದದ್ದನ್ನೂ ಒಮ್ಮೊಮ್ಮೆ ಅವಳಿಗೆ ಹೇಳಿಬಿಡುತ್ತೇನೆ.

ಮಾವನವರ ಆ ಪುಟ್ಟ ಬೀಗ ಹಳೆಯ ಟ್ರಂಕಿನಲ್ಲಿ, ನನ್ನ ಕ್ರೋಷಾ ಹೊದಿಕೆಯ ಜೊತೆ ಇನ್ನೂ ಇದೆ. ಸಿಮ್ಮು ಮುರಿದುಕೊಂಡ ಮೇಲೆ ಉಳಿದ ಕಾರ್ಡಿನ ಚೌಕಟ್ಟನ್ನೂ ಅಲ್ಲೇ ಇಟ್ಟಿದ್ದೇನೆ. ಮುಚ್ಚಳ ಇರುವುದು ವಸ್ತುವನ್ನು ಕಾಪಾಡಲು, ಬೀಗ ಇರುವುದು ಮನುಷ್ಯರನ್ನು ದೂರ ಇಡಲು. ಎರಡೂ ಒಂದೇ ಎಂದುಕೊಂಡು ಅರ್ಧ ಆಯುಷ್ಯ ಕಳೆದೆ.

ನಿಮ್ಮ ಮನೆಯಲ್ಲಿ ಯಾವ ಫೋನಿದೆಯೋ ನನಗೆ ತಿಳಿಯದು. ಅದು ಮಡಚುವುದಿರಲಿ, ಗಾಜಿನದಿರಲಿ, ಗಂಡನದಿರಲಿ, ಮಗನದಿರಲಿ, ಬೀಗ ಹಾಕಿದ್ದಾಗ ಅದರಿಂದ 112ಕ್ಕೆ ಹೇಗೆ ಕರೆ ಮಾಡಬೇಕೆಂದು ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಕೇಳಿಬಿಡಿ. ಅವರು "ಕೊಡು, ನಾನೇ ಮಾಡಿ ತೋರಿಸ್ತೀನಿ" ಎಂದರೆ ಕೊಡಬೇಡಿ. ಹೇಳಲಿ, ಸಾಕು. ಎಲ್ಲಿ ಒತ್ತಬೇಕೆಂಬುದನ್ನು ನಿಮ್ಮ ಬೆರಳೇ ಕಂಡುಕೊಳ್ಳಲಿ.